ನಕ್ಕಾಗ ಏನಾಗುತ್ತದೆ ಅಂತ ಕೇಳಿ

ನಾನು ಸ್ಲೀಪ್ ಲ್ಯಾಬ್ ಟೆಕ್ನಿಷಿಯನ್. ತಲೆಗೆ ಪೇಸ್ಟ್ ಹಚ್ಚಿ ವೈರು ಅಂಟಿಸುವುದು, ಜನ ಮಲಗಿದ ಮೇಲೆ ಪಕ್ಕದ ಕೋಣೆಯಲ್ಲಿ ಕೂತು ಅವರ ಮಿದುಳಿನ ಅಲೆಗಳನ್ನು ನೋಡುವುದು ನನ್ನ ಕೆಲಸ. ಹಗಲು ನಿದ್ದೆ ತಡೆಯೋಕೇ ಆಗಲ್ಲ ಅಂತ ಬರುವವರಿಗೆ 'ರಾತ್ರಿ ಎಷ್ಟು ಗಂಟೆ ಮಲಗ್ತೀರಿ' ಅಂತ ಎಲ್ಲರೂ ಕೇಳಿರುತ್ತಾರೆ. ನಾನು ಇನ್ನೊಂದು ಕೇಳುತ್ತೇನೆ: 'ಜೋರಾಗಿ ನಕ್ಕಾಗ ಏನಾಗುತ್ತದೆ?'

ಹೆಚ್ಚಿನವರು ಇದೆಂಥ ಪ್ರಶ್ನೆ ಅಂತ ಮುಖ ನೋಡುತ್ತಾರೆ. ಅಕೌಂಟ್ಸ್ ವಿಭಾಗದಲ್ಲಿದ್ದ ಒಬ್ಬರು ಮಾತ್ರ, 'ಯಾರಾದ್ರೂ ಜೋಕ್ ಶುರು ಮಾಡಿದ್ರೆ ಮೊದ್ಲು ಗೋಡೆ ಹಿಡ್ಕೋತೀನಿ' ಅಂದರು. ನಕ್ಕರೆ ಮಂಡಿ ಕುಸಿಯುತ್ತದೆ, ದವಡೆ ಜೋಲುತ್ತದೆ, ಕೈಯಲ್ಲಿರುವ ಲೋಟ ಜಾರುತ್ತದೆ. ಪ್ರಜ್ಞೆ ತಪ್ಪುವುದಿಲ್ಲ. ಸಾಮಾನ್ಯವಾಗಿ ಕೆಲವು ಸೆಕೆಂಡು, ಇಲ್ಲ ಒಂದೆರಡು ನಿಮಿಷ. ಇದೇ ಕೆಟಪ್ಲೆಕ್ಸಿ. ಎಷ್ಟೋ ಜನ ಇದನ್ನು ಫಿಟ್ಸ್ ಅಂದುಕೊಳ್ಳುತ್ತಾರೆ. ಇವರಂತೂ ಆಫೀಸಿನಲ್ಲಿ ನಗುವುದನ್ನೇ ಬಿಟ್ಟು, ಜಂಬದವರು ಅನ್ನಿಸಿಕೊಂಡಿದ್ದರು.

ಹೀಗೆ ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ಕಾಯಿಲೆಯ ಹೆಸರು ನಾರ್ಕೊಲೆಪ್ಸಿ. ಅದರಲ್ಲಿ ಎರಡು ಬಗೆ. ಕೆಟಪ್ಲೆಕ್ಸಿ ಇರುವ ಮೊದಲ ಬಗೆಗೆ ಕಾರಣ ಗೊತ್ತಾಗಿದೆ. ಮಿದುಳಿನ ಹೈಪೊಥಲಾಮಸ್‌ನಲ್ಲಿ ಒರೆಕ್ಸಿನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳಿವೆ. ನಮ್ಮನ್ನು ಎಚ್ಚರವಾಗಿ ಇಡುವುದು ಆ ಒರೆಕ್ಸಿನ್. ಅದು ಪತ್ತೆಯಾದದ್ದು 1998ರಲ್ಲಿ. 2000ದಲ್ಲಿ, ಈ ಕಾಯಿಲೆಯಿದ್ದು ತೀರಿಹೋದವರ ಮಿದುಳು ಪರೀಕ್ಷಿಸಿದಾಗ ಆ ಕೋಶಗಳು ಬಹುತೇಕ ಕಾಣಲೇ ಇಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಅವನ್ನು ನಾಶ ಮಾಡುತ್ತದೆ ಅನ್ನುವುದಕ್ಕೆ ಸಾಕಷ್ಟು ಸುಳಿವುಗಳಿವೆ. ಈ ರೋಗಿಗಳಲ್ಲಿ, ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಎಚ್‌ಎಲ್‌ಎ ಗುಂಪಿನ ಒಂದು ಜೀನ್ ರೂಪ ತುಂಬಾ ಸಾಮಾನ್ಯ. ಆದರೆ ಆ ರೂಪ ಇರುವ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಹಾಗಾಗಿ ಬರೀ ಜೀನ್ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಸೋಮಾರಿತನದ ಮೇಲಂತೂ ಅಲ್ಲವೇ ಅಲ್ಲ.

ಕನಸು ಬೀಳುವ ನಿದ್ದೆಯಲ್ಲಿ ನಮ್ಮೆಲ್ಲರ ಸ್ನಾಯುಗಳೂ ಸಡಿಲವಾಗುತ್ತವೆ. ಇವರಿಗೆ ಆ ಸಡಿಲಿಕೆ ಎಚ್ಚರದಲ್ಲೇ ನುಗ್ಗಿಬಿಡುತ್ತದೆ. ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಿಸಿ, ಮರುದಿನ ಎರಡೆರಡು ಗಂಟೆಗೊಮ್ಮೆ ಲೈಟ್ ಆರಿಸಿ ಮಲಗಲು ಹೇಳುತ್ತೇವೆ. ಕನಸಿನ ನಿದ್ದೆ ಬರೋಕೆ ಸಾಮಾನ್ಯವಾಗಿ ಒಂದು ಗಂಟೆಗಿಂತ ಜಾಸ್ತಿ ಬೇಕು. ಇವರಿಗೆ 15 ನಿಮಿಷವೂ ಬೇಡ. ಆ ಅಕೌಂಟ್ಸ್‌ನವರು ಎದ್ದು, 'ಸುಮ್ನೆ ಕಣ್ಣು ಮುಚ್ಚಿದ್ದೆ ಅಷ್ಟೆ' ಅಂದರು. ಸ್ಕ್ರೀನಿನಲ್ಲಿ ಅವರ ಕಣ್ಣುಗುಡ್ಡೆಗಳು ಆ ಕಡೆ ಈ ಕಡೆ ಹೊರಳಿದ ಗೆರೆಗಳು ಇನ್ನೂ ಇದ್ದವು, ಗಲ್ಲದ ಸ್ನಾಯುವಿನ ಗೆರೆ ಚಪ್ಪಟೆಯಾಗಿತ್ತು.

ನಕ್ಕಾಗ ಏನೂ ಆಗಲ್ಲ ಅಂದವರನ್ನು ವಾಪಸ್ ಕಳಿಸುವ ಹಾಗಿಲ್ಲ. ಎರಡನೇ ಬಗೆಯಲ್ಲಿ ಕೆಟಪ್ಲೆಕ್ಸಿ ಇರುವುದಿಲ್ಲ.

ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲ. ಡಾಕ್ಟರು ಕೊಡುವ ಮಾತ್ರೆಗಳ ಜೊತೆ, ಹೊತ್ತು ಗೊತ್ತು ಮಾಡಿಕೊಂಡು 15-20 ನಿಮಿಷ ಮಲಗಿದರೆ ಹಗಲು ಎಷ್ಟೋ ಸಲೀಸು. 'ರಾತ್ರಿ ಬೇಗ ಮಲಗು' ಅನ್ನುವ ಉಪದೇಶದಿಂದ ಇದು ಹೋಗಲ್ಲ. ಇವರ ರಾತ್ರಿ ನಿದ್ದೆಯೂ ತುಂಡು ತುಂಡೇ.

ನಿಮ್ಮ ಸಹೋದ್ಯೋಗಿಗೆ ಕೆಟಪ್ಲೆಕ್ಸಿ ಇದ್ದು, ನಗುತ್ತಾ ಕುಸಿದರೆ ತಲೆಗೆ ಪೆಟ್ಟಾಗದ ಹಾಗೆ ನೋಡಿಕೊಂಡು ಪಕ್ಕದಲ್ಲೇ ಕಾಯಿರಿ. ನೀರು ಎರಚಬೇಡಿ. ಬಾಯಿಗೆ ಏನೂ ಹಾಕಬೇಡಿ. ಅವರ ಬಗ್ಗೆ ಅಲ್ಲೇ ನಿಂತು ಮಾತಾಡಲೂ ಬೇಡಿ, ಒಂದೊಂದು ಮಾತೂ ಅವರಿಗೆ ಕೇಳಿಸುತ್ತಿರುತ್ತದೆ.