ಬಕಲ್ ಹಾಕ್ಕೊಳ್ಳಿ ಸಾರ್

ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ಸಂಗಮದಲ್ಲಿ ನಮ್ಮನ್ನು ನೋಡಿದವರು ತೆಪ್ಪದ ರೇಟ್ ಕೇಳುತ್ತಾರೆ. ನಾವು ಟಿಕೆಟ್ ಮಾರುವವರಲ್ಲ. ನಾಲ್ಕೈದು ಜನ ಗೆಳೆಯರು ಸೇರಿ, ತೆಪ್ಪ ಹತ್ತುವವರ ಲೈಫ್ ಜಾಕೆಟ್ ಸರಿಯಾಗಿದೆಯಾ ಅಂತ ನೋಡುತ್ತೇವೆ. ಸಂಬಳ ಇಲ್ಲ, ಬೈಗುಳ ಉಂಟು.

ಜಾಕೆಟ್ ಹಾಕಿಸುವುದು ಕಷ್ಟವಲ್ಲ, ಬಕಲ್ ಹಾಕಿಸುವುದೇ ಕಷ್ಟ. ಫೋಟೋದಲ್ಲಿ ಹೊಸ ಬಟ್ಟೆ ಕಾಣಬೇಕಲ್ವಾ! ನಾನು ಎರಡೂ ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆ ಎಳೆಯುತ್ತೇನೆ. ಕಿವಿಯವರೆಗೆ ಬಂದರೆ ಸಡಿಲ ಅಂತ ಅರ್ಥ. ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಮೊನ್ನೆ ಒಬ್ಬ ಪುಟ್ಟ ಹುಡುಗನಿಗೆ ದೊಡ್ಡವರ ಜಾಕೆಟ್ ಹಾಕಿದ್ದರು. ಎಳೆದೆ, ತಲೆಯೇ ಒಳಗೆ ಹೋಯಿತು. ಅವರಪ್ಪ ನಕ್ಕರು. "ನೀವೇ ಎಳೆದು ನೋಡಿ ಅಣ್ಣಾ" ಅಂದೆ. ಎಳೆದರು, ನಗು ನಿಂತಿತು. ಚಿಕ್ಕ ಸೈಜು ಇರಲಿಲ್ಲ. ಹುಡುಗನನ್ನು ಅಜ್ಜಿ ಜೊತೆ ದಡದಲ್ಲಿ ಕೂರಿಸಿ ಚುರುಮುರಿ ಕೊಡಿಸಿದರು. ಅವನು ನನ್ನನ್ನು ನೋಡಿದ ನೋಟ, ಅಬ್ಬಾ!

ತೆಪ್ಪದ ತಳ ಚಪ್ಪಟೆ. ಎಲ್ಲರೂ ಸುಮ್ನೆ ಕೂತರೆ ಅಷ್ಟು ಸುಲಭಕ್ಕೆ ಮಗುಚುವುದಿಲ್ಲ. ಸೆಲ್ಫಿಗೆ ಅಂತ ಒಂದೇ ಕಡೆ ಎದ್ದು ನಿಂತರೆ ಅಂಚಿನ ಮೇಲೆ ನೀರು ನುಗ್ಗುತ್ತದೆ. ಗಿರಗಿರ ತಿರುಗಿಸಿ ಅಂತ ಅಂಬಿಗರನ್ನು ಪೀಡಿಸುವವರೂ ಇವರೇ. ಎಲ್ಲಿ ಬಂಡೆ, ಎಲ್ಲಿ ಸುಳಿ ಅನ್ನುವುದು ಅಂಬಿಗರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಜಾಕೆಟ್ ವಿಷಯಕ್ಕೆ ಮಾತ್ರ ಜಗಳ. "ಚಿಕ್ಕೋನಿದ್ದಾಗಿಂದ ಹುಟ್ಟು ಹಾಕ್ತಾ ಇದೀನಿ ಕಣಪ್ಪಾ, ಒಬ್ರೂ ಬಿದ್ದಿಲ್ಲ" ಅಂತಾರೆ ಒಬ್ಬ ಹಿರಿಯರು. ಅವರ ಜಾಕೆಟ್ ಇನ್ನೂ ಅವರ ಕೆಳಗೇ ಇದೆ, ಕೂರುವುದಕ್ಕೆ ಮೆತ್ತಗಿರಲಿ ಅಂತ.

ಇಲ್ಲಿನ ಮೋಡ ನೋಡಿ ಹೊಳೆ ಅಳೆಯಬೇಡಿ. ಮಳೆ ಸುರಿಯುವುದು ಕೊಡಗಿನಲ್ಲಿ. ಕೆಆರ್‌ಎಸ್ ಅಣೆಕಟ್ಟಿನ ನೀರು ಪೂರ್ತಿ ಮಟ್ಟವಾದ 124.80 ಅಡಿ ಹತ್ತಿರ ಬಂದಾಗ ಗೇಟ್ ತೆಗೆದರೆ, ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಹೊರಹರಿವು ಜಾಸ್ತಿಯಾದರೆ ರಂಗನತಿಟ್ಟಿನಲ್ಲೂ ದೋಣಿ ನಿಲ್ಲಿಸುತ್ತಾರೆ. ಅಂಥ ದಿನ ಯಾರು ಕರೆದರೂ ತೆಪ್ಪ ಹತ್ತಬೇಡಿ.

ನಮ್ಮ ದೊಡ್ಡ ಆಸ್ತಿ ಅಂದರೆ ಉದ್ದ ಹಗ್ಗ ಕಟ್ಟಿದ ಒಂದು ಖಾಲಿ ಕ್ಯಾನ್. ಮುಚ್ಚಳ ಬಿಗಿಯಾಗಿರಬೇಕು, ಒಳಗೆ ಒಂದೆರಡು ಲೋಟ ನೀರಿರಬೇಕು. ಪೂರ್ತಿ ಖಾಲಿ ಇದ್ದರೆ ಗಾಳಿಗೆ ಎತ್ತಲೋ ಹೋಗುತ್ತದೆ. ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ, ಗಾಬರಿಯಲ್ಲಿ ಅವರು ನಿಮ್ಮ ಕುತ್ತಿಗೆಯನ್ನೇ ಹಿಡಿಯುತ್ತಾರೆ. ಕ್ಯಾನ್ ಎಸೆಯಿರಿ, ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿಸಿ. ಎಸೆಯುವುದಕ್ಕೂ ಅಭ್ಯಾಸ ಬೇಕು. ಕಲಿಯಬೇಕು ಅನ್ನುವವರು ಭಾನುವಾರ ಎಂಟಕ್ಕೆಲ್ಲ ಬನ್ನಿ. ಟೋಪಿ ತನ್ನಿ, ನೆರಳು ಕಮ್ಮಿ.