ಎಂಟೇ ಎಂಟು ಯೂನಿವರ್ಸಿಟಿ

ನ್ಯೂಜಿಲೆಂಡಿನಲ್ಲಿ ಇರುವುದೇ 8 ಯೂನಿವರ್ಸಿಟಿ, ಹಾಗಾಗಿ ಎಲ್ಲವನ್ನೂ ನೋಡಿಬಿಡೋಣ ಅಂತ ಹೊರಟಿದ್ದೇನೆ. ಓದೋಕಲ್ಲ, ಸುಮ್ನೆ ಸುತ್ತೋಕೆ. ಈ ಸಲ ಡುನೆಡಿನ್‌ನ ಒಟಾಗೊ. 1869ರಲ್ಲಿ ಶುರುವಾದದ್ದು, ದೇಶದಲ್ಲೇ ಹಳೆಯದು. ಕಪ್ಪು ಕಲ್ಲಿನ ಗೋಡೆ, ಕಿಟಕಿ ಅಂಚಿಗೆಲ್ಲ ಒಮಾರುವಿನ ಬಿಳಿಕಲ್ಲು, ಮೇಲೆ ಗಡಿಯಾರದ ಗೋಪುರ, ಪಕ್ಕದಲ್ಲೇ ಲೀತ್ ಹೊಳೆ. ದಡದ ಹುಲ್ಲಿನ ಮೇಲೆ ಹುಡುಗರು ಲ್ಯಾಪ್‌ಟಾಪ್ ಮುಚ್ಚಿಟ್ಟು ಬಿಸಿಲು ಕಾಯಿಸುತ್ತಾ ಮಲಗಿದ್ದರು. ಐಡಿ ಕೇಳುವವರು ಯಾರೂ ಇಲ್ಲ. ನಮ್ಮೂರಲ್ಲಾದರೆ ಗೇಟಿನಲ್ಲಿ ಯಾಕೆ ಬಂದೆ ಅಂತ ವಿವರಿಸೋದೇ ಒಂದು ವೈವಾ, ಅಲ್ವಾ? ರ‍್ಯಾಂಕು, ಫೀಸು, ಪ್ಲೇಸ್‌ಮೆಂಟು ಎಲ್ಲ ವಿಚಾರಿಸಿ ಕಾಲೇಜು ಆರಿಸುತ್ತೇವೆ, ಕೂರೋಕೆ ಒಂದು ಮರದ ನೆರಳಿದೆಯಾ ಅಂತ ಯಾರೂ ಕೇಳುವುದಿಲ್ಲ. ಮುಂದಿನದು ಕ್ರೈಸ್ಟ್‌ಚರ್ಚ್ ಹತ್ತಿರದ ಲಿಂಕನ್, ಕೃಷಿಗೆ ಹೆಸರಾದದ್ದು. ಆ ಕಡೆ ಯಾರಾದರೂ ಇದ್ದರೆ ಹೇಳಿ, ಕಾಫಿಗೆ ಸಿಗೋಣ.