ಮೋಸೆಲ್ ದಂಡೆಯಲ್ಲಿ ಸೀಮೆಎಣ್ಣೆಯ ವಾಸನೆ

"ಏನು ವಾಸನೆ ಬರುತ್ತಿದೆ, ಹೇಳಿ" ಎಂದು ಮನೆ ಮಾಲೀಕರು ಗ್ಲಾಸನ್ನು ನನ್ನತ್ತ ಸರಿಸಿದರು. ಮೂಗಿನ ಹತ್ತಿರ ಒಯ್ದೆ. ಉತ್ತರ ಒಂದೇ ಕ್ಷಣದಲ್ಲಿ ಬಂತು, ಆದರೆ ಹೇಳಲು ಬಾಯಿ ಬರಲಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಸಾರಿಗೆ ಸೋಪಿನ ವಾಸನೆ ಬಂದಿದೆ ಎಂದು ಹೇಳಿದ ಹಾಗಾಗುತ್ತದಲ್ಲ! ಕೊನೆಗೆ ಹೇಳಿಯೇಬಿಟ್ಟೆ: ಸೀಮೆಎಣ್ಣೆ. ಅದಕ್ಕೆ ಜರ್ಮನ್ ಪದ ಗೊತ್ತಿರಲಿಲ್ಲ. ಕಂದೀಲಿನ ಬತ್ತಿ ಏರಿಸುವಂತೆ ಬೆರಳು ತಿರುವಿ ತೋರಿಸಿದೆ. ಅವರ ಹೆಂಡತಿ ಗೊಳ್ಳೆಂದು ನಕ್ಕರು. ಮಾಲೀಕರು ಮಾತ್ರ ಎದ್ದು ಬಂದು ಕೈ ಕುಲುಕಿದರು.

"ಪೆಟ್ರೋಲಿಯಂ!" ಎಂದರು. ಜರ್ಮನ್ ಭಾಷೆಯಲ್ಲಿ ಪೆಟ್ರೋಲಿಯಂ ಎಂದರೆ ಕಾರಿಗೆ ಹಾಕುವ ಪೆಟ್ರೋಲ್ ಅಲ್ಲ, ದೀಪದ ಎಣ್ಣೆ. ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿ ತಳಿಯ ಮಾಗಿದ ವೈನಿನ ಹೆಗ್ಗುರುತು ಅದು. ಶಿರಸಿಯ ಕಡೆಯ ಹಳ್ಳಿಯಲ್ಲಿ, ಮಳೆಗಾಲದ ಮೂರು ತಿಂಗಳು ಕರೆಂಟಿಗಿಂತ ಚಿಮಣಿ ಬುಡ್ಡಿಯನ್ನೇ ನಂಬಿ ಓದಿದವಳು ನಾನು. ಸೊಸೈಟಿಯ ಮುಂದೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತ ಮೂಗಿಗೆ ಇಂಥದ್ದೊಂದು ಮರ್ಯಾದೆ ಸಿಗಬಹುದೆಂದು ಯಾರು ಎಣಿಸಿದ್ದರು?

ನಾನಿರುವುದು ಜರ್ಮನಿಯ ಪಶ್ಚಿಮ ಅಂಚಿನಲ್ಲಿ, ಟ್ರಿಯರ್ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ. ಕೆಲಸ ಗಡಿಯಾಚೆಯ ಲಕ್ಸೆಂಬರ್ಗ್‌ನಲ್ಲಿ. ದಿನವೂ ಬಸ್ ಹತ್ತಿ ದೇಶ ದಾಟಿ ಕಚೇರಿಗೆ ಹೋಗಿ ಸಂಜೆ ಮರಳುತ್ತೇನೆ. ಟ್ರಿಯರ್ ರೋಮನ್ನರು ಕಟ್ಟಿದ ಊರು, ಅವರ ಕಪ್ಪು ಕಲ್ಲಿನ ಹೆಬ್ಬಾಗಿಲು ಈಗಲೂ ನಿಂತಿದೆ. ಕಾರ್ಲ್ ಮಾರ್ಕ್ಸ್ ಹುಟ್ಟಿದ್ದೂ ಇಲ್ಲಿಯೇ. ಆತ ಪತ್ರಕರ್ತನಾಗಿದ್ದ ದಿನಗಳಲ್ಲಿ, 1843ರಲ್ಲಿ, ಮೋಸೆಲ್ ನದಿಯ ಕಣಿವೆಯ ದ್ರಾಕ್ಷಿ ಬೆಳೆಗಾರರ ಬಡತನದ ಬಗ್ಗೆ ಬರೆದಿದ್ದ. ಈಗಿನ ಪ್ರವಾಸಿಗರಿಗೆ ಕಾಣುವುದು ಹೂಕುಂಡಗಳ ಕಿಟಕಿ ಮತ್ತು ನದಿಯ ದೋಣಿ, ಅಷ್ಟೇ.

ತೋಟಗಳನ್ನು ಮೊದಲ ಸಲ ನೋಡಿದಾಗ ಇವರಿಗೆ ತಲೆ ಸರಿಯಿದೆಯೇ ಎನ್ನಿಸಿತ್ತು. ನದಿಯಿಂದ ಎದ್ದ ಕಡಿದಾದ ಗುಡ್ಡ, ಅದರ ಮೈತುಂಬ ಬಳ್ಳಿ. ಬ್ರೆಮ್ ಎಂಬ ಊರಿನ ಕಾಲ್ಮೊಂಟ್ ಗುಡ್ಡದ ಇಳಿಜಾರು 65 ಡಿಗ್ರಿಯ ತನಕ ಇದೆ. ಅಡಿಕೆ ಮರ ಹತ್ತುವವರನ್ನು ನೋಡಿ ಬೆಳೆದ ನನಗೂ ಅಲ್ಲಿ ಕಾಲು ನಡುಗಿತು. ನಮ್ಮ ಕಡೆಯ ದ್ರಾಕ್ಷಿ ಚಪ್ಪರ ಇಲ್ಲಿಲ್ಲ. ಹಳೆಯ ಪದ್ಧತಿಯಲ್ಲಿ ಒಂದು ಬಳ್ಳಿಗೆ ಒಂದು ಗೂಟ; ಎರಡು ಕುಡಿಗಳನ್ನು ಬಾಗಿಸಿ ಗೂಟಕ್ಕೆ ಕಟ್ಟುತ್ತಾರೆ, ನೋಡಲು ಹೃದಯದ ಚಿತ್ರ ಬರೆದಂತಿರುತ್ತದೆ. ಮಣ್ಣು ಅನ್ನುವುದು ಹೆಸರಿಗೆ ಮಾತ್ರ. ಕಾಲಡಿ ಸರಿಯುವುದೆಲ್ಲ ಸ್ಲೇಟು ಕಲ್ಲಿನ ಚೂರು, ನಾವು ಬಳಪ ಹಿಡಿದು ಅಕ್ಷರ ತಿದ್ದಿದ ಪಾಟಿಯ ಕಲ್ಲು. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಆ ಬಿಸಿಯನ್ನು ಬಳ್ಳಿಗೆ ಬಿಟ್ಟುಕೊಡುತ್ತದೆ. ಇಷ್ಟು ಉತ್ತರದ ಚಳಿಯಲ್ಲಿ ದ್ರಾಕ್ಷಿ ಹಣ್ಣಾಗುವುದೇ ಇಂಥ ಹಂಚಿಕೆಗಳಿಂದ. ಹಣ್ಣಾದರೂ ಹುಳಿ ಪೂರ್ತಿ ಬಿಡುವುದಿಲ್ಲ. ಈ ಕಥೆಯಲ್ಲಿ ಮುಖ್ಯವಾದದ್ದು ಆ ಹುಳಿಯೇ.

1787ರಲ್ಲಿ ಟ್ರಿಯರ್‌ನ ದೊರೆಯೂ ಧರ್ಮಗುರುವೂ ಆಗಿದ್ದ ಕ್ಲೆಮೆನ್ಸ್ ವೆನ್ಸೆಸ್ಲಾಸ್, ಕೀಳು ತಳಿಗಳನ್ನು ಕಿತ್ತು ಒಳ್ಳೆಯ ತಳಿ ನೆಡಿ ಎಂದು ಆಜ್ಞೆ ಹೊರಡಿಸಿದ. ರೀಸ್ಲಿಂಗ್ ಈ ಕಣಿವೆಯನ್ನು ಆಳತೊಡಗಿದ್ದು ಆಮೇಲೆ.

ನಮ್ಮ ಮನೆ ಮಾಲೀಕರು ಎಪ್ಪತ್ತು ದಾಟಿದವರು. ತೋಟವನ್ನು ಮಗಳಿಗೆ ಬಿಟ್ಟಿದ್ದಾರೆ, ನೆಲಮಾಳಿಗೆಯ ಬೀಗದಕೈ ಮಾತ್ರ ಬಿಟ್ಟಿಲ್ಲ. ಆ ನೆಲಮಾಳಿಗೆಗೆ ಇಳಿದರೆ ಗೋಡೆಯ ಮೇಲೆಲ್ಲ ಕಪ್ಪು ಬೂಷ್ಟು, ಮುಟ್ಟಿದರೆ ಮಖಮಲ್ಲು. ನಾನು ಮೊದಲ ದಿನ ಮೂಗು ಮುರಿದಿದ್ದೆ. ಅವರು ಅದನ್ನು ಪ್ರೀತಿಯಿಂದ ಸವರಿ, ಇದು ಬೆಳೆದಿದೆ ಎಂದರೆ ತೇವ ಸರಿಯಾಗಿದೆ ಎಂದರ್ಥ ಎಂದರು. ತೇವ ಇದ್ದರೆ ಬಿರಡೆ ಒಣಗುವುದಿಲ್ಲ. ಬಾಟಲಿಗಳನ್ನು ಮಲಗಿಸಿಡುವುದೂ ಅದಕ್ಕೇ, ಒಳಗಿನಿಂದ ವೈನ್ ಬಿರಡೆಯನ್ನು ನೆನೆಸುತ್ತಿರುತ್ತದೆ. ಬೇಸಿಗೆ ಚಳಿಗಾಲ ಎನ್ನದೆ ಅಲ್ಲಿ ಹತ್ತು ಹನ್ನೆರಡು ಡಿಗ್ರಿ. ಬೆಳಕಿಲ್ಲ, ಅಲುಗಾಟವಿಲ್ಲ. ನಮ್ಮ ಅಟ್ಟದ ಕತ್ತಲೆ ಮೂಲೆಯಲ್ಲಿ ಬಟ್ಟೆ ಕಟ್ಟಿಸಿಕೊಂಡು ಕುಳಿತ ಉಪ್ಪಿನಕಾಯಿ ಭರಣಿ ನೆನಪಾಯಿತು. ಮುಟ್ಟಬೇಡ ಎಂದು ಗದರುವ ಧ್ವನಿಯೂ ಅದೇ, ಭಾಷೆ ಮಾತ್ರ ಬೇರೆ.

ವೈನ್ ರುಚಿ ನೋಡುವುದನ್ನು ಕಲಿಯಲು ನಾನು ಪಟ್ಟ ಪಾಡು ಮೊದಲು ಹೇಳಬೇಕು. ಪುಸ್ತಕಗಳು ಪೀಚ್ ಎನ್ನುತ್ತವೆ, ಏಪ್ರಿಕಾಟ್ ಎನ್ನುತ್ತವೆ, ಯಾವುದೋ ಬಿಳಿ ಹೂವು ಎನ್ನುತ್ತವೆ. ಇಪ್ಪತ್ತಾರನೆಯ ವಯಸ್ಸಿನ ತನಕ ಪೀಚ್ ಹಣ್ಣನ್ನೇ ಮೂಸದವಳಿಗೆ ಗ್ಲಾಸಿನಲ್ಲಿ ಅದು ಎಲ್ಲಿಂದ ಸಿಗಬೇಕು? ಎರಡು ವರ್ಷ ತಲೆಯಾಡಿಸಿ ಸುಳ್ಳು ಹೇಳಿದೆ. ಸೀಮೆಎಣ್ಣೆಯ ಆ ಸಂಜೆಯಿಂದ ಸುಳ್ಳು ಹೇಳುವುದನ್ನು ಬಿಟ್ಟೆ. ಎಳೆಯ ರೀಸ್ಲಿಂಗ್‌ನಲ್ಲಿ ನನಗೆ ಸಿಗುವುದು ಉಗುರಿನಿಂದ ಗೀರಿದ ಹೇರಳೆಕಾಯಿ ಸಿಪ್ಪೆ, ಮತ್ತು ನೀರು ಬಿದ್ದ ಪಾಟಿ. ಮಾಗಿದ್ದರಲ್ಲಿ ಜೋನಿ ಬೆಲ್ಲ, ಜೇನುಮೇಣ, ಒಣಗಿಸಿದ ಬಾಳೆಹಣ್ಣಿನ ಸುಕೇಳಿ. ಬಿರಡೆ ಕೆಟ್ಟು ಹಾಳಾದ ಬಾಟಲಿ ಒಮ್ಮೆ ಸಿಕ್ಕಿತ್ತು. ಅದಕ್ಕೆ ಪುಸ್ತಕದ ಮಾತು ಒದ್ದೆ ರಟ್ಟು. ನನ್ನ ಮಾತು, ಆಷಾಢದಲ್ಲಿ ಮೂಲೆಗೆ ಬಿದ್ದ ಗೋಣಿಚೀಲ. ಮಾಲೀಕರಿಗೆ ಗೋಣಿಚೀಲ ಎಂದರೇನು ಎಂದು ವಿವರಿಸಿದ ಮೇಲೆ ಅವರೂ ಒಪ್ಪಿದರು.

ಅಸಲಿಗೆ ನನ್ನ ಮೂಗಿನ ಶಾಲೆ ಅಜ್ಜಿಯದು. ಅಪ್ಪೆಮಿಡಿಯ ಕಾಲದಲ್ಲಿ ಮಿಡಿ ತಂದವನು ಅಂಗಳದಲ್ಲಿ ಸುರಿದರೆ ಅಜ್ಜಿ ಒಂದನ್ನೆತ್ತಿ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಮೂಸುತ್ತಿದ್ದಳು. ಜೀರಿಗೆ ವಾಸನೆಯದು ಬೇರೆ, ಕರ್ಪೂರದ ವಾಸನೆಯದು ಬೇರೆ. ಯಾವ ಹೊಳೆಯ ದಂಡೆಯ, ಯಾವ ಮರದ ಮಿಡಿ ಎಂಬುದರ ಮೇಲೆ ಬೆಲೆ. ಅನಂತಭಟ್ಟನ ಅಪ್ಪೆ ಎಂದು ಒಂದು ತಳಿಗೆ ಹೆಸರೇ ಇದೆ. ಇಲ್ಲಿಯೂ ಹಾಗೆಯೇ. ವೇಲನ್ ಎಂಬ ಊರಿನ ಎದುರಿನ ಗುಡ್ಡದ ಬಂಡೆಯಲ್ಲಿ 1842ರಲ್ಲಿ ಒಂದು ನೆರಳು ಗಡಿಯಾರ ಮಾಡಿಸಿದರು, ತೋಟದಾಳುಗಳಿಗೆ ಹೊತ್ತು ತಿಳಿಯಲೆಂದು. ಆ ಗಡಿಯಾರದ ಸುತ್ತಲಿನ ತೋಟಕ್ಕೆ ಅದೇ ಹೆಸರು, ಅಲ್ಲಿಯ ವೈನಿಗೂ ಅದೇ ಹೆಸರು. ಜಾಗದ ಹೆಸರಿಗೆ ದುಡ್ಡು ಕೊಡುವುದು ಮರುಳುತನ ಎನ್ನುವವರು ಶಿರಸಿಯ ಮಿಡಿ ವ್ಯಾಪಾರಿಯ ಹತ್ತಿರ ಒಮ್ಮೆ ಚೌಕಾಸಿ ಮಾಡಿ ನೋಡಲಿ.

ಈಗ ಆ ಸಂಜೆಯ ಬಾಟಲಿಗೆ ಬರುತ್ತೇನೆ. ಚೀಟಿ ಎಂದೋ ಬೂಷ್ಟು ತಿಂದು ಹೋಗಿತ್ತು, ಬಿರಡೆ ಅರ್ಧಕ್ಕೆ ಮುರಿಯಿತು. ಬಿರಡೆಯ ಮೈಮೇಲೆ ಸುಟ್ಟು ಒತ್ತಿದ್ದ ಇಸವಿ ಓದಿದರು: 1990. ಆ ಅಕ್ಟೋಬರ್ 3ರಂದು ಎರಡು ಜರ್ಮನಿಗಳು ಒಂದಾದವು. ಕೊಯ್ಲಿನ ತಿಂಗಳು. ಊರಿನ ಮಂದಿಯೆಲ್ಲ ಟೀವಿ ಮುಂದೆ ಕುಳಿತಿದ್ದರಂತೆ, ಇವರಿಗೆ ಗುಡ್ಡದ ಮೇಲಿನ ಹಣ್ಣಿನದೇ ಚಿಂತೆ. ಅದು ಶ್ಪೇಟ್‌ಲೇಸ ದರ್ಜೆಯ ವೈನ್, ಅಂದರೆ ತಡವಾಗಿ ಕೊಯ್ದ ಹಣ್ಣಿನದು. ದ್ರಾಕ್ಷಿ ರಸದಲ್ಲಿ ಸಕ್ಕರೆ ಎಷ್ಟಿದೆ ಎಂಬುದರ ಮೇಲೆ ಈ ದರ್ಜೆಗಳು ಏರುತ್ತವೆ. ತುದಿಯಲ್ಲಿರುವುದು ಒಂದೊಂದೇ ಒಣಗಿದ ಕಾಳನ್ನು ಆರಿಸಿ ಮಾಡುವ ವೈನ್. ಅದರ ಜೊತೆಗೆ, ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಹಣ್ಣನ್ನು ಕೊಯ್ದು ಹಿಂಡುವ ಐಸ್‌ವೈನ್ ಒಂದಿದೆ. ಅವುಗಳ ಬೆಲೆ ಕೇಳಿ ನಾನು ದೂರದಿಂದಲೇ ಕೈ ಮುಗಿದಿದ್ದೇನೆ.

ಬಣ್ಣ ಹೊಸ ತುಪ್ಪಕ್ಕಿಂತ ಗಾಢ. ಬಿಳಿ ವೈನ್ ವಯಸ್ಸಾದಂತೆ ಬಣ್ಣ ಏರಿಸಿಕೊಳ್ಳುತ್ತದೆ, ಕೆಂಪು ವೈನ್ ಇಳಿಸಿಕೊಳ್ಳುತ್ತದೆ. ಸೀಮೆಎಣ್ಣೆಯ ವಾಸನೆಗೆ ಕಾರಣವೂ ವಯಸ್ಸೇ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಜಾತಿಯ ವಸ್ತುಗಳು ದ್ರಾಕ್ಷಿಯಲ್ಲಿಯೂ ಇವೆ. ಅವು ಒಡೆದು ಉಳಿದ ತುಣುಕುಗಳು ಬಾಟಲಿಯೊಳಗಿನ ಹುಳಿಯಲ್ಲಿ ವರ್ಷಗಟ್ಟಲೆ ನಿಂತು ಈ ವಾಸನೆಯಾಗಿ ಬದಲಾಗುತ್ತವೆ. ರಸಾಯನಶಾಸ್ತ್ರದವರು ಅದನ್ನು ಟಿಡಿಎನ್ ಎಂದು ಚುಟುಕಾಗಿ ಕರೆಯುತ್ತಾರೆ. ಹಣ್ಣಿಗೆ ಬಿಸಿಲು ಹೆಚ್ಚು ತಗುಲಿದಷ್ಟೂ ಇದು ಹೆಚ್ಚು. ಹೀಗೆ ಮಾಗಿ ಬಂದ ಒಟ್ಟು ಗುಣಕ್ಕೆ ಇಲ್ಲಿಯವರ ಪದ ಫಿರ್ನೆ. ಕೆಲವರ ಬಾಯಲ್ಲಿ ಅದು ಹೊಗಳಿಕೆ, ಕೆಲವರ ಬಾಯಲ್ಲಿ ದೂರು. ಮಾಲೀಕರ ಮಗಳಿಗೆ ಅದು ಅಷ್ಟಕ್ಕಷ್ಟೆ.

ಒಂದು ಗುಟುಕು ಬಾಯಲ್ಲಿಟ್ಟುಕೊಂಡೆ. ಸಿಹಿ ಇರಬೇಕಾಗಿತ್ತು, ಅದು ಎಲ್ಲೋ ಹಿಂದೆ ಸರಿದು ನಿಂತಿತ್ತು. ಅಳೆದು ನೋಡಿದರೆ ಸಕ್ಕರೆ ಹೆಚ್ಚುಕಡಿಮೆ ಅಷ್ಟೇ ಇರುತ್ತದಂತೆ, ನಾಲಿಗೆಗೆ ಮಾತ್ರ ವರ್ಷ ಕಳೆದಂತೆ ಕಡಿಮೆ ಎನ್ನಿಸುತ್ತದೆ. ನುಂಗಿದ ಮೇಲೆ ದವಡೆಯ ಮೂಲೆಗಳಲ್ಲಿ ನೀರೂರಿತು. ಮೂವತ್ತು ದಾಟಿದ ಮೇಲೂ ಆ ಹುಳಿ ಚೂರೂ ಮಂಕಾಗಿರಲಿಲ್ಲ. ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ ಎಂಬ ಗಾದೆ ಬಾಯಿಗೆ ಬಂತು, ಕಷ್ಟಪಟ್ಟು ಜರ್ಮನ್‌ಗೆ ಇಳಿಸಿದೆ. ಅವರು ಮಾತಾಡದೆ ಬಾಟಲಿಯನ್ನು ದೀಪಕ್ಕೆ ಹಿಡಿದು ತಳ ತೋರಿಸಿದರು. ಕಲ್ಲುಸಕ್ಕರೆಯ ಪುಡಿಯಂಥ ಹರಳುಗಳು. ಸಕ್ಕರೆ ಎಂದುಕೊಂಡು ಒಂದನ್ನು ಕಡಿದೆ, ಹುಳಿ! ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ ತಂಪಿನಲ್ಲಿ ಹೀಗೆ ಲವಣವಾಗಿ ಹರಳುಗಟ್ಟುತ್ತದೆ, ಇವರು ವೈನಿನ ಕಲ್ಲು ಎನ್ನುತ್ತಾರೆ. ರಾತ್ರಿ ಮೊಬೈಲಿನಲ್ಲಿ ಹುಡುಕಿದಾಗ ಗೊತ್ತಾಯಿತು, ಹುಣಸೆಯ ಹುಳಿಗೂ ಮುಖ್ಯ ಕಾರಣ ಅದೇ ಟಾರ್ಟಾರಿಕ್ ಆಮ್ಲ. ಗಾದೆ ಹೇಳಿದಾಗ ನಾನು ಹೋಲಿಕೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

ವೈನ್ ಹಳೆಯದಾದಷ್ಟೂ ಒಳ್ಳೆಯದು ಎಂದು ನಂಬಿರುವ ನಮ್ಮವರಿಗೆ ಒಂದು ಮಾತು. ಲೋಕದಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಒಂದೆರಡು ವರ್ಷದೊಳಗೆ ಕುಡಿದು ಮುಗಿಸುವಂಥದ್ದು, ಇಟ್ಟರೆ ಸಾಯುತ್ತದೆ. ಹುಳಿ, ಸಕ್ಕರೆ, ಕೆಂಪು ವೈನಿನಲ್ಲಾದರೆ ಸಿಪ್ಪೆಯಿಂದ ಬಂದ ಒಗರು, ಇಂಥ ಆಸರೆ ಇದ್ದದ್ದು ಮಾತ್ರ ನಿಲ್ಲುತ್ತದೆ. ಬೆಂಗಳೂರಿನ ನನ್ನ ಸೋದರಮಾವನ ಮಗನಿಗೆ ಒಂದು ಬಾಟಲಿ ಕೊಟ್ಟಿದ್ದೆ. ಅವನು ಅದನ್ನು ನಡುಮನೆಯ ಗಾಜಿನ ಕಪಾಟಿನಲ್ಲಿ, ಪಡುವಣದ ಬಿಸಿಲು ಬೀಳುವ ಕಡೆ, ಗಣಪತಿಯ ಪಕ್ಕ ನೆಟ್ಟಗೆ ನಿಲ್ಲಿಸಿ ಆರು ವರ್ಷ ಕಾದ. ಹೋದ ಸಲ ಬಹಳ ಗೌರವದಿಂದ ತೆರೆದ. ಬೇಯಿಸಿದ ಸೇಬಿನ ವಾಸನೆ, ಚಹದ ಬಣ್ಣ, ರುಚಿಯೆಂದರೆ ಏನೂ ಇಲ್ಲ. ಕಾದದ್ದು ವ್ಯರ್ಥವಾಯಿತೆಂದು ಅವನ ಮುಖ ಸಣ್ಣದಾಯಿತು. ನಾನು ಎರಡು ಗುಟುಕು ಕುಡಿದು ಚೆನ್ನಾಗಿದೆ ಎಂದೆ. (ಸುಳ್ಳು ಪೂರ್ತಿ ಬಿಟ್ಟಿಲ್ಲ ಎಂದಾಯಿತು.)

ನಿಲ್ಲುವ ವೈನ್ ಕೂಡ ನೇರ ದಾರಿಯಲ್ಲಿ ಮಾಗುವುದಿಲ್ಲ. ಮೊದಲ ಒಂದೆರಡು ವರ್ಷ ಹಣ್ಣಿನ ಪರಿಮಳ ಚೆಲ್ಲಾಡುತ್ತದೆ. ಆಮೇಲೆ ಒಂದು ದಿನ ಬಾಗಿಲು ಹಾಕಿಕೊಳ್ಳುತ್ತದೆ. ಮೂಸಿದರೆ ಏನೂ ಇಲ್ಲ, ಬರೀ ಹುಳಿ. ಮುಚ್ಚಿಕೊಂಡಿದೆ ಎನ್ನುತ್ತಾರೆ. ಎಷ್ಟು ವರ್ಷ ಎಂದು ಕೇಳಿದರೆ ಮಾಲೀಕರು ಭುಜ ಹಾರಿಸುತ್ತಾರೆ. ಉಪ್ಪಿನಲ್ಲಿ ಹಾಕಿದ ಮಿಡಿ ಚಿರುಟಿಕೊಂಡು, ಅತ್ತ ಮಿಡಿಯೂ ಅಲ್ಲದೆ ಇತ್ತ ಉಪ್ಪಿನಕಾಯಿಯೂ ಅಲ್ಲದೆ ಕುಳಿತಿರುವ ದಿನಗಳನ್ನು ನೋಡಿದವರಿಗೆ ಇದು ಹೊಸತೇನಲ್ಲ.

ಇದನ್ನೆಲ್ಲ ಆಯಿಗೆ, ಅಂದರೆ ಅಮ್ಮನಿಗೆ, ಹೇಳಿಲ್ಲವೇ ಎಂದು ಕೇಳುತ್ತೀರಿ. ಹೇಳಿದ್ದೇನೆ. "ಎಂಥ ಹೆಸರು ಕೊಟ್ಟರೂ ಅದು ಹೆಂಡವೇ ಅಲ್ಲವೇ ಕೂಸೇ?" ಎಂದಳು. ಹೌದು ಎಂದೆ. ಅದರ ಮೇಲೆ ವಾದವಿಲ್ಲ. ಆದರೆ ಈ ಸಲ ಊರಿಂದ ಬರುವಾಗ ಏಳು ವರ್ಷದ ಹಳೆಯ ಮಿಡಿ ಉಪ್ಪಿನಕಾಯಿಯನ್ನು ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ಕೊಟ್ಟವಳೂ ಅವಳೇ, ಮಾಲೀಕರಿಗೆಂದು.

ಭರಣಿ ತೆರೆದು ಮುಂದಿಟ್ಟೆ. ಮಾಲೀಕರು ಚಮಚ ಮುಟ್ಟಲಿಲ್ಲ. ಮೊದಲು ಬಣ್ಣ ನೋಡಿದರು, ಕಪ್ಪಾಗಿ ಹೊಳೆಯುತ್ತಿತ್ತು. ಆಮೇಲೆ ಕಣ್ಣು ಮುಚ್ಚಿ ಮೂಸಿದರು, ಎರಡು ಸಲ. ಮಿಡಿಯ ಒಂದು ಸಣ್ಣ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. "ಫಿರ್ನೆ" ಎಂದರು ಕೊನೆಗೆ. ಮತ್ತೆ, ಇನ್ನೆಷ್ಟು ವರ್ಷ ಇಡಬಹುದು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಆಯಿಗೆ ಫೋನು ಹಚ್ಚಿದೆ.

"ಒದ್ದೆ ಚಮಚ ಹಾಕದಿದ್ದರೆ ಅವರ ಬಾಟಲಿಗಿಂತ ಹೆಚ್ಚೇ ಬರುತ್ತದೆ ಎಂದು ಹೇಳು" ಎಂದಳು. ನಾನು ಅದನ್ನು ಹಾಗೆಯೇ ಜರ್ಮನ್‌ಗೆ ಇಳಿಸಿದೆ. ಅವರು ಭರಣಿಗೆ ಮತ್ತೆ ಬಟ್ಟೆ ಕಟ್ಟಿ, ನೆಲಮಾಳಿಗೆಗೆ ಇಳಿದು, 1990ರ ಸಾಲಿನ ಕೊನೆಯಲ್ಲಿ ಜಾಗ ಮಾಡಿದರು.